ಧನಕವಡಿಯ 14 ಟ್ಯೂಬ್‌ಲೈಟ್: ಬೆಳಕು ಮೊದಲು ಯಾರಿಗೆ?

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಕಂಪನಿ ಬಸ್ಸಿನಲ್ಲಿ ಓದಿಕೊಳ್ತೀವಿ ಅನ್ನೋ ಗೆಳೆಯರಿಗಾಗಿ ಈ ಸಲದ ಮಾತಿನ ಬರಹರೂಪ ಇಲ್ಲಿದೆ. ಮಾತಾಡುವ ಅವಸರದಲ್ಲಿ ಬಿಟ್ಟುಹೋದ ಒಂದೆರಡು ಸಂಗತಿಗಳನ್ನೂ ಸೇರಿಸಿದ್ದೇನೆ.

ಈ ಸಲದ ಇತಿಹಾಸದಲ್ಲಿ ಕೋಟೆ ಇಲ್ಲ, ಶಾಸನ ಇಲ್ಲ, ಯುದ್ಧ ಇಲ್ಲ. ಪುಣೆಯ ಧನಕವಡಿಯಲ್ಲಿ ನಾನು ಬಾಡಿಗೆಗಿರುವ ಸೊಸೈಟಿಯ ಪಾರ್ಕಿಂಗ್ ಇದೆ, ಅಲ್ಲಿ ಮಿಣಮಿಣ ಅಂತಿದ್ದ 14 ಟ್ಯೂಬ್‌ಲೈಟ್ ಇವೆ. ಅವನ್ನ ತೆಗೆದು ಎಲ್ಇಡಿ ಹಾಕಿದ್ದು ನಾನೇ. ಆ ಕೆಲಸದಲ್ಲಿ ಒಂದು ತಪ್ಪು ಮಾಡಿದೆ. ಆ ತಪ್ಪು ಏನು ಅಂತ ಅರ್ಥ ಮಾಡಿಕೊಳ್ಳೋಕೆ ಹೋದಾಗ ಕೋಲಾರ, ಮಲ್ಲೇಶ್ವರ, ಖಡಕವಾಸಲಾ ಎಲ್ಲ ನೆನಪಿಗೆ ಬಂದವು.

ಮಿಣಮಿಣ ಪಾರ್ಕಿಂಗ್

ಧನಕವಡಿ ಗೊತ್ತಿಲ್ಲದವರಿಗೆ ಒಂದು ಮಾತು. ಸ್ವಾರಗೇಟ್‌ನಿಂದ ಸಾತಾರಾ ರಸ್ತೆಯಲ್ಲಿ ಕಾತ್ರಜ್ ಕಡೆ ಬರುವಾಗ, ಗುಡ್ಡಗಳು ಹತ್ತಿರ ಆಗೋ ಮೊದಲು ಸಿಗುವ ಬಡಾವಣೆ. ಶಂಕರ ಮಹಾರಾಜರ ಮಠ, ಕಾಲೇಜು ಹುಡುಗರ ಮೆಸ್ಸು, ಹಳೆಯ ನಾಲ್ಕಂತಸ್ತಿನ ಕಟ್ಟಡಗಳು. ಬೆಂಗಳೂರು ಹೈವೇ ಪಕ್ಕದಲ್ಲೇ ಇರೋದರಿಂದ ಊರಿಗೆ ಹೋಗೋ ಬಸ್ಸು ಹತ್ತೋದು ಸುಲಭ. ನಮ್ಮಂಥ ಕನ್ನಡದವರು ಇಲ್ಲಿ ಸಾಕಷ್ಟು ಜನ ಇರೋದಕ್ಕೆ ಅದೂ ಒಂದು ಕಾರಣ ಅಂತ ನನ್ನ ಲೆಕ್ಕ.

ನಮ್ಮ ಕಟ್ಟಡದಲ್ಲಿ ಕೆಳಗೆ ಕಂಬಗಳ ಮೇಲೆ ನಿಂತ ಪಾರ್ಕಿಂಗ್. ಸಂಜೆ 6ಕ್ಕೆ ಹಚ್ಚಿದರೆ ಬೆಳಿಗ್ಗೆ 6ರವರೆಗೆ ಉರಿಯುವ ನಾಲ್ಕಡಿಯ ಟ್ಯೂಬ್‌ಗಳು. ಮೂರಕ್ಕೆ ತುದಿ ಕಪ್ಪಾಗಿತ್ತು, ಎರಡು ರಾತ್ರಿಯಿಡೀ ಮಿಟುಕಿಸುತ್ತಿದ್ದವು, ಒಂದರ ಚೋಕ್ ಗುಂಯ್ ಅಂತಿತ್ತು. ಕಾಮನ್ ಮೀಟರಿನ ಬಿಲ್ಲಿನ ಮೇಲೆ ಪ್ರತಿ ಮೀಟಿಂಗ್‌ನಲ್ಲೂ ಜಗಳ. ಸುರತ್ಕಲ್‌ನಲ್ಲಿ ಎಂಟೆಕ್ ಮಾಡುವಾಗ ನಾನು ಓದಿದ್ದು ಪವರ್ ಎಲೆಕ್ಟ್ರಾನಿಕ್ಸ್. ಹೊಟ್ಟೆಪಾಡಿಗೆ ಬರೆಯೋದು ಜಾವಾ. ಹತ್ತು ವರ್ಷದಿಂದ ಉಪಯೋಗಕ್ಕೆ ಬಾರದ ಡಿಗ್ರಿಗೆ ಕೊನೆಗೂ ಒಂದು ಕೆಲಸ ಸಿಕ್ಕಿತು ಅಂತ ಕೈ ಎತ್ತಿಬಿಟ್ಟೆ: "ನಾನು ಮಾಡಿಸ್ತೀನಿ."

ಲೆಕ್ಕ ಸುಲಭ. ಹಳೆಯ ಟ್ಯೂಬ್ 40 ವ್ಯಾಟ್, ಅದರ ಚೋಕ್ ಸುಮ್ಮನೆ ಬಿಸಿಯಾಗಿ ತಿನ್ನೋದು ಇನ್ನೊಂದು 15 ಅಂತ ಹಿಡಿಯೋಣ. ಒಟ್ಟು 55. ಹದಿನಾಲ್ಕು ಟ್ಯೂಬ್, ದಿನಕ್ಕೆ 12 ಗಂಟೆ, ತಿಂಗಳಿಗೆ ಸುಮಾರು 277 ಯೂನಿಟ್. 20 ವ್ಯಾಟಿನ ಎಲ್ಇಡಿ ಹಾಕಿದರೆ 101. ಜೊತೆಗೆ ಮೋಷನ್ ಸೆನ್ಸರ್ ಹಾಕಿದರೆ, ಅಂದ್ರೆ ಜನ ಓಡಾಡಿದಾಗ ಮಾತ್ರ ಹತ್ತುವ ಹಾಗೆ ಮಾಡಿದರೆ, ಇನ್ನೂ 50-60 ಯೂನಿಟ್ ಉಳಿತಾಯ. ಸ್ಪ್ರೆಡ್‌ಶೀಟ್ ತೋರಿಸಿದೆ. ಜೀವನದಲ್ಲಿ ಮೊದಲ ಸಲ ಒಂದು ಮೀಟಿಂಗ್ ಹತ್ತು ನಿಮಿಷದಲ್ಲಿ ಮುಗಿಯಿತು.

ಸ್ಪ್ರೆಡ್‌ಶೀಟಿನಲ್ಲಿ ಇಲ್ಲದ ಒಂದು ಸಂಗತಿ ಇತ್ತು. ಆರನೇ ಟ್ಯೂಬಿನ ಕೆಳಗೆ, ಮೀಟರ್ ಬೋರ್ಡಿನ ಪಕ್ಕ, ನಮ್ಮ ವಾಚ್‌ಮನ್ ಕಾಕಾ ಅವರ ಮಗಳು ದಿನಾ ರಾತ್ರಿ ಕೂತು ಓದುತ್ತಿದ್ದಳು. ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ಹತ್ತನೇ ಕ್ಲಾಸು, ಮರಾಠಿ ಮಾಧ್ಯಮ. ಅವರಿಗೆ ಕೊಟ್ಟಿರುವ ಕೋಣೆಯಲ್ಲಿ ನಾಲ್ಕು ಜನ ಮಲಗಬೇಕು, ಅಲ್ಲಿ ಲೈಟ್ ಹಾಕಿಕೊಂಡು ಕೂರೋಕಾಗಲ್ಲ. ನಾನು ರಾತ್ರಿ ಶಿಫ್ಟ್ ಕಾಲ್ ಮುಗಿಸಿ ಕೆಳಗೆ ಬಂದಾಗಲೆಲ್ಲ ಅವಳನ್ನು ನೋಡಿದ್ದೆ. ಲೆಕ್ಕ ಹಾಕುವಾಗ ಮಾತ್ರ ನೋಡಲಿಲ್ಲ.

ಟ್ಯೂಬ್ ಒಳಗೆ ಏನಿದೆ?

ತೆಗೆಯೋ ಮೊದಲು ಆ ಹಳೆಯ ಟ್ಯೂಬಿಗೆ ಸಲ್ಲಬೇಕಾದ ಗೌರವ ಸಲ್ಲಿಸೋಣ. 1938ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ಇದನ್ನು ಮಾರುಕಟ್ಟೆಗೆ ತಂದಿತು. ಮರುವರ್ಷ ನ್ಯೂಯಾರ್ಕಿನ ವಿಶ್ವ ಮೇಳದಲ್ಲಿ ಜನ ಬೆರಗಾಗಿ ನೋಡಿದರು. ಒಳಗಿರೋದು ಸ್ವಲ್ಪ ಅನಿಲ ಮತ್ತು ಕೆಲವು ಮಿಲಿಗ್ರಾಂ ಪಾದರಸ. ಕರೆಂಟು ಹರಿದಾಗ ಪಾದರಸದ ಆವಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣ ಕೊಡುತ್ತದೆ. ಗಾಜಿನ ಒಳಮೈಗೆ ಬಳಿದ ಬಿಳಿ ಪುಡಿ, ಅಂದ್ರೆ ಫಾಸ್ಫರ್, ಅದನ್ನು ನುಂಗಿ ಬೆಳಕಾಗಿ ಉಗುಳುತ್ತದೆ.

ಆದರೆ ಆವಿಯೊಳಗೆ ಕರೆಂಟು ಸುಮ್ಮನೆ ಹರಿಯಲ್ಲ. ಅದಕ್ಕೇ ಸ್ಟಾರ್ಟರ್ ಮತ್ತು ಚೋಕ್. ಸ್ವಿಚ್ ಹಾಕಿದಾಗ ಸ್ಟಾರ್ಟರ್ ಒಳಗಿನ ಪುಟ್ಟ ಲೋಹದ ಪಟ್ಟಿ ಬಿಸಿಯಾಗಿ ಬಾಗಿ ಕೂಡಿಕೊಳ್ಳುತ್ತದೆ, ಟ್ಯೂಬಿನ ಎರಡೂ ತುದಿಯ ತಂತಿಗಳು ಕಾಯುತ್ತವೆ. ಪಟ್ಟಿ ತಣ್ಣಗಾಗಿ ಬಿಟ್ಟುಕೊಂಡ ಕ್ಷಣ ಚೋಕ್ ಒಂದು ದೊಡ್ಡ ವೋಲ್ಟೇಜ್ ಒದೆತ ಕೊಡುತ್ತದೆ. ಹತ್ತಿದರೆ ಹತ್ತಿತು, ಇಲ್ಲಾಂದ್ರೆ ಇನ್ನೊಂದು ಸಲ. ಹತ್ತಿದ ಮೇಲೆ ಕರೆಂಟು ಮಿತಿ ಮೀರದ ಹಾಗೆ ಹಿಡಿದಿಡೋದೂ ಚೋಕಿನದೇ ಕೆಲಸ.

ನಾವು ಶಾಲೆಯಲ್ಲಿ ಜೋಕು ತಡವಾಗಿ ಅರ್ಥ ಆದವನಿಗೆ "ಏ ಟ್ಯೂಬ್‌ಲೈಟ್!" ಅಂತಿದ್ದದ್ದು ಇದೇ ಸ್ಟಾರ್ಟರಿನ ಪುಣ್ಯ. ನನ್ನ ತಂಗಿಯ ಮಗನಿಗೆ ಆ ಬೈಗುಳ ಅರ್ಥವೇ ಆಗಲ್ಲ. ಅವನು ನೋಡಿದ ದೀಪಗಳೆಲ್ಲ ಒತ್ತಿದ ಕೂಡಲೇ ಹತ್ತಿದವು.

ಮೊದಲ ಬೆಳಕು ಬಂಗಾರಕ್ಕೆ

ಈಗ ನಮ್ಮ ನಾಡಿಗೆ ಬರೋಣ. ಕಾವೇರಿ ಧುಮುಕುವ ಶಿವನಸಮುದ್ರದಲ್ಲಿ ವಿದ್ಯುತ್ ತಯಾರಾಗಲು ಶುರುವಾಗಿದ್ದು 1902ರಲ್ಲಿ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕನಸು ಅದು. ಅದು ನನಸಾಗುವ ಕೆಲವೇ ತಿಂಗಳು ಮೊದಲು, 1901ರಲ್ಲಿ, ಅವರು ತೀರಿಹೋಗಿದ್ದರು. ಸುಮಾರು 150 ಕಿಲೋಮೀಟರ್ ದೂರಕ್ಕೆ ತಂತಿ ಎಳೆದರು. ಆ ತಂತಿ ಎಲ್ಲಿಗೆ ಹೋಯಿತು? ಮೈಸೂರು ಅರಮನೆಗಲ್ಲ, ಬೆಂಗಳೂರಿನ ಬೀದಿಗಲ್ಲ. ಕೋಲಾರದ ಚಿನ್ನದ ಗಣಿಗೆ, ಬ್ರಿಟಿಷ್ ಕಂಪನಿಗಳ ಯಂತ್ರಗಳಿಗೆ.

ಬೆಂಗಳೂರಿನ ಬೀದಿದೀಪ ಹತ್ತಿದ್ದು ಮೂರು ವರ್ಷ ಕಳೆದ ಮೇಲೆ, 1905ರ ಆಗಸ್ಟ್ 5ರಂದು, ಈಗಿನ ಕೆ.ಆರ್. ಮಾರ್ಕೆಟ್ ಹತ್ತಿರ. ಕರ್ನಾಟಕದ ಹಳ್ಳಿಗಳಿಗೆ ದೀಪ ಬರೋಕೆ ಎಷ್ಟು ಕಾಲ ಹಿಡಿಯಿತು ಅನ್ನೋದನ್ನ ನಿಮ್ಮ ಅಜ್ಜಿಯನ್ನು ಕೇಳಿ. ನಮ್ಮಜ್ಜಿ ಬುಡ್ಡಿ ಚಿಮಣಿಯ ಗಾಜು ಒರೆಸಿದ ಕಥೆಯನ್ನು ಸಾಯುವವರೆಗೂ ಹೇಳುತ್ತಿದ್ದಳು.

ಇದನ್ನು ಬೈಗುಳವಾಗಿ ಹೇಳುತ್ತಿಲ್ಲ. ಖರೀದಿಸುವ ಗಿರಾಕಿ ಇಲ್ಲದಿದ್ದರೆ ಆ ಯೋಜನೆಯೇ ನಿಲ್ಲುತ್ತಿರಲಿಲ್ಲ. ಗಣಿಗೆ ಮಾರಿದ ಕರೆಂಟಿನಿಂದಲೇ ಮೈಸೂರು ಸಂಸ್ಥಾನಕ್ಕೆ ಹಣ ಬಂತು. ಬೇಸಿಗೆಯಲ್ಲಿ ನದಿ ಸೊರಗಿದಾಗಲೂ ಶಿವನಸಮುದ್ರಕ್ಕೆ ನೀರು ಸಿಗಬೇಕು ಅನ್ನೋದು 1911ರಲ್ಲಿ ಕನ್ನಂಬಾಡಿ ಕಟ್ಟೆ ಶುರುವಾಗಲು ಇದ್ದ ಕಾರಣಗಳಲ್ಲಿ ಒಂದು. ಆದರೂ ಒಂದು ಪಾಠ ಅಲ್ಲಿದೆ. ಬೆಳಕು ತಾನಾಗಿ ಎಲ್ಲರಿಗೂ ಸಮನಾಗಿ ಹರಿಯಲ್ಲ. ಯಾರ ಹೆಸರು ಲೆಕ್ಕದ ಪುಸ್ತಕದಲ್ಲಿದೆಯೋ ಅವರ ಕಡೆ ಮೊದಲು ಹರಿಯುತ್ತದೆ.

ಮಲ್ಲೇಶ್ವರದ ಬಲ್ಬು

ಕರೆಂಟು ಬಂತು, ಬಲ್ಬು? ಅದನ್ನೂ ನಾವೇ ಮಾಡೋಣ ಅಂತ ಹೊರಟ ಸಂಸ್ಥಾನ ಮೈಸೂರು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲ, 1926ರಿಂದ 1941. ಸೋಪಿನ ಕಾರ್ಖಾನೆ ಆಗಲೇ ಇತ್ತು. ಟ್ರಾನ್ಸ್‌ಫಾರ್ಮರ್ ಮಾಡುವ ಸರ್ಕಾರಿ ವಿದ್ಯುತ್ ಕಾರ್ಖಾನೆ 1933ರಲ್ಲಿ ಬಂತು, ಅದೇ ಇವತ್ತಿನ ಕವಿಕಾ. 1936ರಲ್ಲಿ ಮಲ್ಲೇಶ್ವರದ ಬಳಿ ಮೈಸೂರು ಲ್ಯಾಂಪ್ ವರ್ಕ್ಸ್ ಶುರುವಾಯಿತು. ಅಂದ್ರೆ ನ್ಯೂಯಾರ್ಕಿನ ಜನ ಟ್ಯೂಬ್‌ಲೈಟ್ ನೋಡುವ ಮೊದಲೇ ಬೆಂಗಳೂರಿನಲ್ಲಿ ಬಲ್ಬಿನ ಕಾರ್ಖಾನೆ ಇತ್ತು.

ಊರ ಮನೆಯ ಪಡಸಾಲೆಯಲ್ಲಿ ಆ ಹಳದಿ ಬಲ್ಬು ಉರಿಯುತ್ತಿದ್ದದ್ದು ನನಗೆ ನೆನಪಿದೆ. ಅದರ ಕೆಳಗೇ ನಾನು ಮಗ್ಗಿ ಕಲಿತದ್ದು. 2003ರಲ್ಲಿ ಆ ಕಾರ್ಖಾನೆಯನ್ನು ಮುಚ್ಚಿದರು. ಎರಡು ವರ್ಷ ಮೊದಲು, 2001ರ ಫೆಬ್ರುವರಿಯಲ್ಲಿ, ಮೊದಲ ಕರೆಂಟು ಕುಡಿದ ಕೋಲಾರದ ಗಣಿಯೂ ಮುಚ್ಚಿತ್ತು. ನಾವು ಸಾಫ್ಟ್‌ವೇರ್ ಕಲಿಯೋಕೆ ಬೆಂಗಳೂರಿಗೆ ಬಂದಾಗ ಅವೆರಡೂ ಬೀಗ ಹಾಕಿದ ಗೇಟುಗಳು ಮಾತ್ರ. ಲ್ಯಾಂಪ್ ಕಾರ್ಖಾನೆಯ 21 ಎಕರೆಯಲ್ಲಿ ಬೆಂಗಳೂರಿನ ಪರಂಪರೆ ತೋರಿಸುವ ಕೇಂದ್ರ ಮಾಡುವ ಯೋಜನೆ ಆಮೇಲೆ ಬಂತು. ಬಲ್ಬು ಮಾಡುತ್ತಿದ್ದ ಜಾಗ ತಾನೇ ಪ್ರದರ್ಶನದ ವಸ್ತುವಾಗುವ ಯೋಜನೆ ಅದು.

ನೀಲಿ ಸಿಕ್ಕ ಮೇಲೆ

ಎಲ್ಇಡಿ ಕಥೆ ಚಿಕ್ಕದಾಗಿ ಹೇಳ್ತೀನಿ. 1962ರಲ್ಲಿ ನಿಕ್ ಹೊಲೊನ್ಯಾಕ್ ಕೆಂಪು ಎಲ್ಇಡಿ ಮಾಡಿದರು. ರೇಡಿಯೋ, ಕ್ಯಾಲ್ಕುಲೇಟರಿನ ಪುಟ್ಟ ಕೆಂಪು ಚುಕ್ಕೆ ಬಂದದ್ದು ಅಲ್ಲಿಂದ. ಆದರೆ ಬಿಳಿ ಬೆಳಕಿಗೆ ನೀಲಿ ಬೇಕು, ನೀಲಿ ಮೂವತ್ತು ವರ್ಷ ಕೈಗೆ ಸಿಗಲಿಲ್ಲ. ಜಪಾನಿನ ಅಕಾಸಾಕಿ, ಅಮಾನೋ, ನಕಾಮುರಾ ಗ್ಯಾಲಿಯಂ ನೈಟ್ರೈಡ್ ಹಿಡಿದು ಕೂತರು. 1993ರಲ್ಲಿ ಪ್ರಖರವಾದ ನೀಲಿ ಬಂತು, 2014ರಲ್ಲಿ ಮೂವರಿಗೂ ನೊಬೆಲ್.

ಇಲ್ಲೊಂದು ಮಜಾ ಇದೆ. ಬಿಳಿ ಎಲ್ಇಡಿ ಅಂದ್ರೆ ನೀಲಿ ಚಿಪ್ಪಿನ ಮೇಲೆ ಹಳದಿ ಫಾಸ್ಫರ್ ಬಳಿದದ್ದು. ಅಂದ್ರೆ ಹಳೆಯ ಟ್ಯೂಬ್ ಆಡಿದ ಅದೇ ಆಟ: ಒಂದು ಬೆಳಕು ಕೊಟ್ಟು ಇನ್ನೊಂದು ಬೆಳಕು ತಗೊಳ್ಳೋದು. ಪಾದರಸ ಹೋಯಿತು, ಪುಡಿ ಉಳಿಯಿತು.

ನಮ್ಮ ದೇಶದಲ್ಲಿ ಇದು ಮನೆ ಮನೆಗೆ ಬಂದದ್ದು 2015ರ ಜನವರಿಯಲ್ಲಿ ಶುರುವಾದ ಉಜಾಲಾ ಯೋಜನೆಯಿಂದ. ಕರ್ನಾಟಕದಲ್ಲಿ ಅದೇ ವರ್ಷದ ಕೊನೆಗೆ 'ಹೊಸ ಬೆಳಕು' ಅಂತ ಬಂತು, 9 ವ್ಯಾಟಿನ ಬಲ್ಬು 100 ರೂಪಾಯಿಗೆ. 2014ರ ಆರಂಭದಲ್ಲಿ ಸರ್ಕಾರಿ ಸಂಸ್ಥೆ ಒಂದು ಬಲ್ಬಿಗೆ 310 ರೂಪಾಯಿ ಕೊಟ್ಟು ಕೊಂಡಿತ್ತು. ಕೋಟಿಗಟ್ಟಲೆ ಒಟ್ಟಿಗೆ ಟೆಂಡರ್ ಕರೆದದ್ದರಿಂದ 2016ರಲ್ಲಿ ಅದು 38ಕ್ಕೆ ಇಳಿಯಿತು. ಸಬ್ಸಿಡಿ ಇಲ್ಲದೆ ಬರೀ ಗಾತ್ರದ ಬಲದಿಂದ. ಲೆಕ್ಕದ ಪುಸ್ತಕದಲ್ಲಿ ಎಲ್ಲರ ಹೆಸರೂ ಬಂದಾಗ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಭಾನುವಾರದ ಕೆಲಸ

ಒಂದು ಭಾನುವಾರ ಎಲೆಕ್ಟ್ರಿಷಿಯನ್ ಜೊತೆ ಏಣಿ ಹಾಕಿದೆ. ನೀವೂ ಮಾಡಿಸುವುದಿದ್ದರೆ ಈ ಭಾಗ ಗಮನ ಇಟ್ಟು ಓದಿ.

ಎಲ್ಇಡಿ ಟ್ಯೂಬ್ ಹಳೆಯ ಪಟ್ಟಿಯಲ್ಲೇ ಕೂರುತ್ತದೆ ನಿಜ, ಆದರೆ ಹಳೆಯ ವೈರಿಂಗ್ ಹಾಗೇ ಇಟ್ಟರೆ ಆಗಲ್ಲ. ಚೋಕ್ ತೆಗೀಬೇಕು, ಸ್ಟಾರ್ಟರ್ ಕಿತ್ತು ಎಸೀಬೇಕು. ನಾವು ತಂದ ಟ್ಯೂಬಿನಲ್ಲಿ ಫೇಸ್, ನ್ಯೂಟ್ರಲ್ ಎರಡೂ ಒಂದೇ ತುದಿಗೆ. ಇನ್ನೊಂದು ತುದಿಯ ಪಿನ್ನುಗಳು ಒಳಗೇ ಒಂದಕ್ಕೊಂದು ಕೂಡಿವೆ, ಸುಮ್ಮನೆ ಹಿಡಿದುಕೊಳ್ಳೋಕೆ. ಮೂರನೇ ಟ್ಯೂಬನ್ನು ನಾನು ಉತ್ಸಾಹದಲ್ಲಿ ತಿರುವುಮುರುವು ಹಾಕಿದೆ. ಫಟ್! ಇಡೀ ಪಾರ್ಕಿಂಗಿನ ಎಂಸಿಬಿ ಬಿತ್ತು. ಎಲೆಕ್ಟ್ರಿಷಿಯನ್ ಏನೂ ಹೇಳಲಿಲ್ಲ, ನನ್ನ ಕೈಯಿಂದ ಟ್ಯೂಬ್ ತಗೊಂಡು ಏಣಿ ಹಿಡಿಯೋಕೆ ಹೇಳಿದ. ಎಂಟೆಕ್ ಅಲ್ಲಿಗೆ ಮುಗಿಯಿತು.

ಇನ್ನೊಂದು. ಸ್ವಿಚ್ ಆಫ್ ಮಾಡಿದ ಮೇಲೂ ಎರಡು ಟ್ಯೂಬ್ ದೆವ್ವದ ಹಾಗೆ ಮಂದವಾಗಿ ಹೊಳೆಯುತ್ತಿದ್ದವು. ಟೆಸ್ಟರ್ ಇಟ್ಟು ನೋಡಿದರೆ, ಕಟ್ಟಡ ಕಟ್ಟಿದಾಗ ಯಾರೋ ಸ್ವಿಚ್ಚನ್ನು ಫೇಸ್ ಬದಲು ನ್ಯೂಟ್ರಲ್‌ಗೆ ಹಾಕಿದ್ದಾರೆ. ಇಷ್ಟು ವರ್ಷವೂ ಆ ಪಟ್ಟಿಗಳಲ್ಲಿ, ದೀಪ ಆರಿದಾಗಲೂ, ಕರೆಂಟು ಇತ್ತು. ಹಳೆಯ ಟ್ಯೂಬಿಗೆ ಅಷ್ಟು ಸಣ್ಣ ಸೋರಿಕೆ ಸಾಲದು, ಹಾಗಾಗಿ ಸುಮ್ಮನಿತ್ತು. ಎಲ್ಇಡಿಗೆ ಸಾಕು, ಅದು ತೋರಿಸಿಕೊಟ್ಟಿತು. ಹೊಸ ದೀಪ ಹಳೆಯ ತಪ್ಪನ್ನು ಬೆಳಕಿಗೆ ತಂದಿತು ಅಂತ ಅವತ್ತು ನಕ್ಕೆವು. ನನ್ನ ಹೊಸ ತಪ್ಪು ಬೆಳಕಿಗೆ ಬರೋಕೆ ಇನ್ನೂ ಒಂದು ವಾರ ಇತ್ತು.

ಅಲುಗಾಡದವರಿಗೆ ಬೆಳಕಿಲ್ಲ

ನಾವು ಹಾಕಿದ್ದು ಪಿಐಆರ್ ಸೆನ್ಸರ್. ಮೈಯ ಶಾಖ ಅತ್ತಿಂದಿತ್ತ ಚಲಿಸುವುದನ್ನು ಗುರುತಿಸುತ್ತದೆ. ಚಲನೆ ನಿಂತ ಎಷ್ಟು ಹೊತ್ತಿಗೆ ದೀಪ ಆರಬೇಕು ಅನ್ನೋದಕ್ಕೆ ಒಂದು ತಿರುಪು ಇದೆ. ಅದನ್ನು ಒಂದು ನಿಮಿಷಕ್ಕೆ ತಿರುಗಿಸಿದವನು ನಾನೇ.

ವಾರದ ಮೇಲೆ ಒಂದು ರಾತ್ರಿ ಹನ್ನೊಂದೂವರೆಗೆ ಕೆಳಗೆ ಬಂದೆ. ಪಾರ್ಕಿಂಗ್ ಕತ್ತಲು. ಮೆಟ್ಟಿಲ ಹತ್ತಿರದ ದೀಪ ಹತ್ತುವ ಮೊದಲೇ ದೂರದ ಆರನೇ ದೀಪ ಹತ್ತಿತು. ಅಲ್ಲಿ ಯಾರೂ ಓಡಾಡುತ್ತಿರಲಿಲ್ಲ. ಆ ಹುಡುಗಿ ಪುಸ್ತಕದಿಂದ ತಲೆ ಎತ್ತದೆ, ಎಡಗೈಯನ್ನು ತಲೆಯ ಮೇಲೆ ಒಂದು ಸಲ ಬೀಸಿ ಇಳಿಸಿದಳು. ಒಂದು ನಿಮಿಷ ಬರೆದಳು. ಕತ್ತಲು. ಮತ್ತೆ ಕೈ ಬೀಸಿದಳು.

ಸೆನ್ಸರಿಗೆ ಬೈಕು ಕಾಣುತ್ತೆ, ಡೆಲಿವರಿ ಹುಡುಗ ಕಾಣ್ತಾನೆ, ಬೀದಿ ನಾಯಿಯೂ ಕಾಣುತ್ತೆ. ಓದುತ್ತಾ ಕೂತವರು ಕಾಣಲ್ಲ. ಓದುವವರು ಅಲುಗಾಡಲ್ಲವಲ್ಲ.

ನಾನು ಏನೋ ತೊದಲಿದೆ. ಅವಳು, "ಇರ್ಲಿ ಬಿಡ್ರಿ ಅಣ್ಣಾ, ರೂಢಿ ಆಗೈತ್ರಿ" ಅಂದಳು. ಕಾಕಾ ಎದ್ದು ಬಂದು ಇನ್ನೂ ಸಂಕೋಚದಿಂದ, "ಕೈ ಅಲ್ಲಾಡ್ಸಿದ್ರ ಹತ್ತತೈತ್ರಿ ಸಾಹೇಬ್ರ, ತೊಂದ್ರಿ ಏನಿಲ್ರಿ" ಅಂದರು. ದೂರು ಹೇಳಿದ್ದರೆ ನನಗೆ ಸಮಾಧಾನ ಆಗುತ್ತಿತ್ತು. ಹಳೆಯ ಟ್ಯೂಬ್ ಮಿಟುಕಿಸುತ್ತಿತ್ತು, ಗುಂಯ್‌ಗುಡುತ್ತಿತ್ತು, ಕರೆಂಟು ತಿನ್ನುತ್ತಿತ್ತು. ಆದರೆ ಅವಳ ಕೆಳಗಿನ ನೆಲದ ಮೇಲೆ ರಾತ್ರಿಯಿಡೀ ಬೆಳಕಿತ್ತು. ನನ್ನ ದಕ್ಷತೆ ತಿಂದದ್ದು ಅದನ್ನು.

ಎರಡು ಮೇಣದಬತ್ತಿ

ನಾವೆಲ್ಲ ಶಾಲೆಯಲ್ಲಿ ವಿಶ್ವೇಶ್ವರಯ್ಯನವರ ಎರಡು ಕಥೆ ಕೇಳಿ ಬೆಳೆದವರು. ಬೀದಿದೀಪದ ಕೆಳಗೆ ಓದಿ ದೊಡ್ಡವರಾದ ಕಥೆ ಒಂದು. ಸರ್ಕಾರದ ಕೆಲಸಕ್ಕೆ ಸರ್ಕಾರದ ಮೇಣದಬತ್ತಿ, ಸ್ವಂತ ಕೆಲಸಕ್ಕೆ ಸ್ವಂತದ ಮೇಣದಬತ್ತಿ ಹಚ್ಚುತ್ತಿದ್ದ ಕಥೆ ಇನ್ನೊಂದು. ಅವರು ನಮ್ಮ ಪುಣೆಯವರೂ ಹೌದು ಅನ್ನೋದನ್ನ ನಾವು ಮರೀತೀವಿ. ಮೈಸೂರು ಸಂಸ್ಥಾನದ ನೆರವಿನಿಂದ ಇಲ್ಲಿನ ವಿಜ್ಞಾನ ಕಾಲೇಜಿಗೆ ಬಂದು ಎಂಜಿನಿಯರಿಂಗ್ ಓದಿದರು, 1883ರ ಪರೀಕ್ಷೆಯಲ್ಲಿ ಮೊದಲಿಗರಾದರು. ನಾವು ಕುಡಿಯೋ ನೀರಿನ ಖಡಕವಾಸಲಾ ಅಣೆಕಟ್ಟೆಗೆ 1903ರಲ್ಲಿ ತಾನೇ ತೆರೆದುಕೊಳ್ಳುವ ಬಾಗಿಲುಗಳನ್ನು ಕೂರಿಸಿದವರು ಅವರೇ. ನೀರು ಮಟ್ಟ ಮೀರಿದರೆ ಬಾಗಿಲು ತೆರೆಯಬೇಕು, ಇಳಿದರೆ ಮುಚ್ಚಬೇಕು, ಯಾರೂ ನಿಂತು ತಿರುಗಿಸಬೇಕಾಗಿಲ್ಲ. ಒಂದು ರೀತಿಯಲ್ಲಿ ಅದೂ ಸೆನ್ಸರ್ರೇ. ಯಾವುದನ್ನು ಅಳೆಯಬೇಕು ಅನ್ನೋದು ಮಾತ್ರ ಅವರಿಗೆ ಸರಿಯಾಗಿ ಗೊತ್ತಿತ್ತು.

ಮುಂದಿನ ಸೊಸೈಟಿ ಮೀಟಿಂಗ್‌ನಲ್ಲಿ ಆರನೇ ದೀಪವನ್ನು ಸೆನ್ಸರಿನಿಂದ ಬಿಡಿಸೋಣ ಅಂದೆ. ಒಬ್ಬರು ತಕ್ಷಣ ಹೇಳಿದರು: "ಕಾಮನ್ ಲೈಟ್ ಆಹೆ, ಸ್ಟಡಿ ರೂಮ್ ನಾಹೀ." ತಮಾಷೆ ನೋಡಿ, ಇದು ಮೇಣದಬತ್ತಿ ಕಥೆಯದೇ ವಾದ. ಎಲ್ಲರ ದೀಪ ಒಬ್ಬರ ಸ್ವಂತಕ್ಕೆ ಯಾಕೆ? ಆ ಕಥೆಯನ್ನು ಎತ್ತಿ ಹಿಡಿದು ಬೆಳೆದವನು ನಾನು, ತಕ್ಷಣ ಉತ್ತರ ಹೊಳೆಯಲಿಲ್ಲ. ಟ್ಯೂಬ್‌ಲೈಟ್ ಥರ ತಡವಾಗಿ ಹತ್ತಿತು. ಮೇಣದಬತ್ತಿಯ ಕಥೆ ಅಧಿಕಾರ ಇದ್ದವರಿಗೆ ಹೇಳಿದ್ದು, ಬೀದಿದೀಪದ ಕಥೆ ಇಲ್ಲದವರದ್ದು. ಒಂದನ್ನು ತೋರಿಸಿ ಇನ್ನೊಂದನ್ನು ಆರಿಸಬಾರದು.

ಅಷ್ಟೆಲ್ಲ ಮರಾಠಿಯಲ್ಲಿ ಹೇಳೋಕೆ ನನಗೆ ಬರಲ್ಲ. ಲೆಕ್ಕ ಹೇಳಿದೆ. 20 ವ್ಯಾಟ್, ದಿನಕ್ಕೆ ಆರು ಗಂಟೆ, ತಿಂಗಳಿಗೆ 3.6 ಯೂನಿಟ್. ಯೂನಿಟ್ಟಿಗೆ 12 ರೂಪಾಯಿ ಹಿಡಿದರೂ 43 ರೂಪಾಯಿ. ನಾಲ್ಕನೇ ಮಹಡಿಯ ಅಜ್ಜಿ ಒಬ್ಬರು, "ಅಷ್ಟಕ್ಕೆ ಮೀಟಿಂಗ್ ಯಾಕಪ್ಪಾ" ಅನ್ನೋ ಅರ್ಥದಲ್ಲಿ ಏನೋ ಗದರಿದರು. ಒಪ್ಪಿಗೆ ಆಯಿತು.

ಭಂಗಾರ

ಕೊನೆಯದು, ಕೆಳಗಿಳಿಸಿದ 14 ಟ್ಯೂಬ್. ಪುಣೆಗೆ ಬಂದ ಹೊಸದರಲ್ಲಿ ಬೀದಿಯಲ್ಲಿ "ಭಂಗಾರ್...!" ಅಂತ ಕೂಗು ಕೇಳಿ ಬೆಚ್ಚಿಬಿದ್ದ ಕನ್ನಡಿಗರು ನಾನೊಬ್ಬನೇ ಅಲ್ಲ ಅನ್ಕೋತೀನಿ. ನಮಗೆ ಬಂಗಾರ ಅಂದ್ರೆ ಚಿನ್ನ, ಇವರಿಗೆ ಭಂಗಾರ ಅಂದ್ರೆ ಗುಜರಿ. ನಮ್ಮ ನಾಡಿನ ಕರೆಂಟಿನ ಕಥೆ ಕೋಲಾರದ ಬಂಗಾರದಿಂದ ಶುರುವಾಯಿತು, ಈ ಭಂಗಾರಕ್ಕೆ ಬಂದು ನಿಂತಿತು.

ಚೋಕಿನೊಳಗೆ ತಾಮ್ರ ಇದೆ, ಗುಜರಿಯವರು ಖುಷಿಯಿಂದ ಒಯ್ದರು. ಟ್ಯೂಬ್ ಯಾರಿಗೂ ಬೇಡ. ಕಸದ ಜೊತೆ ಇಟ್ಟರೆ ಬೆಳಿಗ್ಗೆ ಅದನ್ನು ಎತ್ತುವುದು ಕಸ ಆಯುವ ಹೆಣ್ಣುಮಕ್ಕಳು. ಪುಣೆಯಲ್ಲಿ ಅವರದೇ ಸಂಘಟನೆ 1993ರಿಂದ ಇದೆ, ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್. ಕಾಗದ, ಗಾಜು, ತಗಡು ಅಂತ ಹೆಸರಲ್ಲೇ ಇದೆ. ಗಾಡಿಯಲ್ಲಿ ಟ್ಯೂಬ್ ಒಡೆದರೆ ಪಾದರಸದ ಆವಿ ಮೊದಲು ಹೋಗೋದು ಅವರ ಉಸಿರಿಗೆ. ಪಾದರಸ ಏನು ಮಾಡುತ್ತೆ ಅಂತ ಜಗತ್ತು ಕಲಿತದ್ದು ಜಪಾನಿನ ಮಿನಾಮಾಟಾ ಊರಿನಿಂದ. ಅಲ್ಲಿ ಕಾರ್ಖಾನೆ ಸಮುದ್ರಕ್ಕೆ ಬಿಟ್ಟ ಪಾದರಸ ಮೀನಿನ ಮೂಲಕ ಜನರ ನರಗಳಿಗೆ ಹೊಕ್ಕಿತು, 1956ರಲ್ಲಿ ರೋಗ ಬೆಳಕಿಗೆ ಬಂತು. ಅದೇ ಊರಿನ ಹೆಸರಿನ ಒಪ್ಪಂದಕ್ಕೆ ಭಾರತ 2018ರಲ್ಲಿ ಸೇರಿತು. 2027ರ ಹೊತ್ತಿಗೆ ಫ್ಲೋರೊಸೆಂಟ್ ಟ್ಯೂಬ್‌ಗಳ ತಯಾರಿಕೆ ನಿಲ್ಲಿಸಬೇಕು ಅಂತ 2023ರಲ್ಲಿ ಆ ಒಪ್ಪಂದದ ದೇಶಗಳು ತೀರ್ಮಾನಿಸಿವೆ. ನಮ್ಮಲ್ಲೂ 2016ರ ನಿಯಮ ಪಾದರಸದ ದೀಪಗಳನ್ನು ಇ-ತ್ಯಾಜ್ಯದ ಪಟ್ಟಿಗೆ ಸೇರಿಸಿತು, ಅವು ಮಾಮೂಲಿ ಕಸ ಅಲ್ಲ.

ಹಾಗಾಗಿ ಹೊಸ ಟ್ಯೂಬ್ ಬಂದ ಡಬ್ಬಿಗಳಲ್ಲೇ ಹಳೆಯವನ್ನು ತುಂಬಿ ಮೀಟರ್ ರೂಮಿನಲ್ಲಿ ನಿಲ್ಲಿಸಿದೆ. ಪರವಾನಗಿ ಇರುವ ಇ-ತ್ಯಾಜ್ಯದವರು 14 ಟ್ಯೂಬಿಗೆ ಗಾಡಿ ಕಳಿಸೋಕೆ ಒಪ್ಪಲಿಲ್ಲ. ಪಕ್ಕದ ಎರಡು ಸೊಸೈಟಿಯವರನ್ನು ಕೂಡಿಸಿಕೊಂಡು ನೂರರ ಹತ್ತಿರ ಆದ ಮೇಲೆ ಬಂದರು. ನಿಮ್ಮಲ್ಲೂ ಬದಲಿಸುವುದಿದ್ದರೆ ಇದನ್ನು ಮೊದಲೇ ಮಾತಾಡಿಕೊಳ್ಳಿ. ಹೊಸ ದೀಪದ ಉಳಿತಾಯದ ಲೆಕ್ಕದಲ್ಲಿ ಹಳೆಯದನ್ನು ಕಳಿಸುವ ಖರ್ಚನ್ನೂ ಬರೆಯಿರಿ. ಪಾರ್ಕಿಂಗಿನಲ್ಲಿ ಸೆನ್ಸರ್ ಹಾಕುವ ಮೊದಲು ಒಂದು ರಾತ್ರಿ ಕೆಳಗೆ ಹೋಗಿ, ಯಾರು ಎಲ್ಲಿ ಕೂತಿರ್ತಾರೆ ಅಂತ ನೋಡಿ ಬನ್ನಿ.

ಆರನೇ ದೀಪಕ್ಕೆ ಈಗ ಸೆನ್ಸರ್ ಇಲ್ಲ. ಮೀಟರ್ ಬೋರ್ಡಿನ ಪಕ್ಕ, ಕೂತಲ್ಲಿಂದ ಕೈಗೆ ಸಿಗುವ ಎತ್ತರದಲ್ಲಿ, ಒಂದು ಸಾದಾ ಸ್ವಿಚ್ ಇದೆ. ಈ ಸಲ ಫೇಸ್‌ಗೇ ಹಾಕಿದ್ದೇವೆ, ಟೆಸ್ಟರ್ ಇಟ್ಟು ಎರಡು ಸಲ ನೋಡಿದೆ. ರಾತ್ರಿ 12ಕ್ಕೆ ಅವಳೇ ಆರಿಸುತ್ತಾಳೆ. ಮಾರ್ಚ್ ಹತ್ತಿರ ಬಂದ ಹಾಗೆ ಕೆಲವು ದಿನ ಹನ್ನೆರಡೂವರೆ ಆಗುತ್ತದೆ. ಯಾರೂ ಲೆಕ್ಕ ಕೇಳಿಲ್ಲ.